ಅಳಿಸಿದರೂ ಹೋಗದ ಇಮೇಲ್ ಫೋಲ್ಡರ್: ಮೊದಲು ಅದು ಎಲ್ಲಿದೆ ಎಂದು ನೋಡಿ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಲೆಕ್ಕಪತ್ರ ನೋಡಿಕೊಳ್ಳುವವಳು ನಾನೇ. ಅಂಗಡಿಯ ಹೆಸರಿನಲ್ಲೇ ಡೊಮೇನ್ ಇದೆ, ಇಮೇಲ್ ಹೋಸ್ಟಿಂಗ್ ಕಂಪನಿಯ ಸಿಪ್ಯಾನೆಲ್ ಎಂಬ ನಿರ್ವಹಣಾ ವ್ಯವಸ್ಥೆಯಲ್ಲಿದೆ. ಅಂಗಡಿಯ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಬಳಸುತ್ತೇನೆ, ನಮ್ಮ ಯಜಮಾನರ ಐಫೋನಿನಲ್ಲೂ ಅದೇ ಖಾತೆ ಇದೆ. ಮೂರು ಫೋಲ್ಡರ್‌ಗಳನ್ನು ಏನು ಮಾಡಿದರೂ ತೆಗೆಯಲು ಆಗುತ್ತಿಲ್ಲ. ಹಿಂದೊಮ್ಮೆ ಮೊಬೈಲ್ ಆ್ಯಪ್ ಒಂದರಲ್ಲಿ ‘ಜಿ.ಎಸ್.ಟಿ 2021-22’ ಎಂಬ ಫೋಲ್ಡರ್ ಮಾಡಿದ್ದೆ. ಈಗ ‘ಜಿ’, ಅದರೊಳಗೆ ‘ಎಸ್’, ಅದರೊಳಗೆ ‘ಟಿ 2021-22’ ಎಂದು ಕಾಣುತ್ತಿದೆ. ಮೇಲಿನೆರಡು ಬಣ್ಣಗೆಟ್ಟ ಓರೆ ಅಕ್ಷರದಲ್ಲಿವೆ, ಅಳಿಸಲು ಹೋದರೆ ಅಳಿಯುವುದಿಲ್ಲ. ‘ಬ್ಯಾಂಕ್’ ಎಂಬ ಫೋಲ್ಡರ್ ಎರಡೆರಡು ಸಲ ಕಾಣುತ್ತದೆ. ಕಳೆದ ವರ್ಷವೇ ಅದನ್ನು ಅಳಿಸಿದ ನೆನಪು. ಈಗ ಅಳಿಸಿದರೆ ಆ ಹೆಸರಿನ ಫೋಲ್ಡರ್ ಈಗಾಗಲೇ ಇದೆ ಎನ್ನುತ್ತದೆ. ಇನ್ನು ‘ಸೆಂಟ್ ಮೆಸೇಜಸ್’ ಅಳಿಯುತ್ತದೆ, ಆದರೆ ಮರುದಿನ ಮತ್ತೆ ಬಂದಿರುತ್ತದೆ. ಯಾರಾದರೂ ನಮ್ಮ ಖಾತೆಗೆ ನುಗ್ಗಿದ್ದಾರಾ? ಕಂಪ್ಯೂಟರ್ ರಿಪೇರಿಯವರು ಖಾತೆಯನ್ನೇ ತೆಗೆದು ಹೊಸದಾಗಿ ಹಾಕೋಣ, ಬೇಕಾದರೆ ಫಾರ್ಮ್ಯಾಟ್ ಮಾಡೋಣ ಎನ್ನುತ್ತಿದ್ದಾರೆ. ಹಳೆಯ ಮೇಲ್‌ಗಳು ಹೋದರೆ ಏನು ಗತಿ ಎಂಬ ಹೆದರಿಕೆ ನನಗೆ.

ಉತ್ತರ: ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ಫೋಲ್ಡರ್ ಹೋಗದಿರುವುದು ಕಿರಿಕಿರಿ, ಅಷ್ಟೆ. ಮೇಲ್ ಹೋದರೆ ಅದು ನಷ್ಟ. ಆದ್ದರಿಂದ ಫಾರ್ಮ್ಯಾಟ್ ಮಾತು ಸದ್ಯಕ್ಕೆ ಬೇಡ, ಖಾತೆ ತೆಗೆಯುವುದೂ ಬೇಡ. ನೀವು ಬರೆದ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ಮೂರೂ ಫಾರ್ಮ್ಯಾಟ್‌ನಿಂದ ಸರಿಹೋಗುವಂಥವಲ್ಲ, ಏಕೆಂದರೆ ಮೂರೂ ನಿಮ್ಮ ಕಂಪ್ಯೂಟರಿನೊಳಗೆ ಇಲ್ಲ.

ಥಂಡರ್‌ಬರ್ಡ್‌ನ ಎಡಗಡೆ ಕಾಣುವುದು ಫೋಲ್ಡರ್‌ಗಳ ಪಟ್ಟಿ. ಖಾತೆ ಐಮ್ಯಾಪ್ (ಮೇಲ್‌ಗಳನ್ನು ಸರ್ವರಿನಲ್ಲೇ ಇಟ್ಟು ಎಲ್ಲ ಸಾಧನಗಳಲ್ಲೂ ತೋರಿಸುವ ಪದ್ಧತಿ) ಆಗಿದ್ದರೆ ಫೋಲ್ಡರ್ ಇರುವುದು ಸರ್ವರಿನಲ್ಲಿ, ಅಂದರೆ ಹೋಸ್ಟಿಂಗ್ ಕಂಪನಿಯ ಕಂಪ್ಯೂಟರಿನಲ್ಲಿ. ನೀವು ಡಿಲೀಟ್ ಒತ್ತಿದಾಗ ಥಂಡರ್‌ಬರ್ಡ್ ಸರ್ವರನ್ನು ಕೇಳುತ್ತದೆ, ಸರ್ವರ್ ಒಪ್ಪಬಹುದು, ಬೇಡ ಎನ್ನಬಹುದು, ಒಪ್ಪಿ ಅಳಿಸಿದ ಮೇಲೆ ಇನ್ಯಾರೋ ಅದನ್ನು ಪುನಃ ಮಾಡಲೂಬಹುದು. ಹಾಗಾಗಿ ಮೊದಲ ಕೆಲಸ, ಬ್ರೌಸರಿನಲ್ಲಿ ವೆಬ್‌ಮೇಲ್ ತೆರೆಯುವುದು. ಸಿಪ್ಯಾನೆಲ್‌ನ ವೆಬ್‌ಮೇಲ್ ಎಂದರೆ ಸಾಮಾನ್ಯವಾಗಿ ರೌಂಡ್‌ಕ್ಯೂಬ್. ಅಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಫೋಲ್ಡರ್ಸ್ ಒತ್ತಿದರೆ ಸರ್ವರಿನಲ್ಲಿರುವ ಎಲ್ಲ ಫೋಲ್ಡರ್‌ಗಳೂ ಕಾಣುತ್ತವೆ, ಸಬ್‌ಸ್ಕ್ರೈಬ್ ಆಗದೆ, ಅಂದರೆ ಪಟ್ಟಿಯಲ್ಲಿ ತೋರಿಸಲು ಗುರುತು ಹಾಕದೆ, ಬಚ್ಚಿಟ್ಟುಕೊಂಡವೂ ಸೇರಿ. ಕಾಟ ಕೊಡುವ ಫೋಲ್ಡರ್ ಇಲ್ಲಿ ಇದೆಯೋ ಇಲ್ಲವೋ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಇಲ್ಲಿ ಇಲ್ಲದೆ ಥಂಡರ್‌ಬರ್ಡ್‌ನಲ್ಲಿ ಮಾತ್ರ ಇದ್ದರೆ ಅದು ಬರೀ ನೆರಳು. ಖಾತೆಯ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಸಬ್‌ಸ್ಕ್ರೈಬ್ ಆರಿಸಿ, ಆ ಹೆಸರಿನ ಮುಂದಿನ ಗುರುತು ತೆಗೆದು, ಥಂಡರ್‌ಬರ್ಡ್ ಮುಚ್ಚಿ ತೆರೆದರೆ ಹೊರಟುಹೋಗುತ್ತದೆ. ಐಮ್ಯಾಪ್‌ನಲ್ಲಿ ಫೋಲ್ಡರ್ ಅಳಿಸುವುದು ಬೇರೆ, ಸಬ್‌ಸ್ಕ್ರೈಬ್ ಪಟ್ಟಿಯಿಂದ ಹೆಸರು ತೆಗೆಯುವುದು ಬೇರೆ. ಫೋಲ್ಡರ್ ಹೋದ ಮೇಲೂ ಪಟ್ಟಿಯಲ್ಲಿ ಹೆಸರು ಉಳಿಯುವುದು ಇದರಿಂದಲೇ.

ಏನನ್ನೂ ಮುಟ್ಟುವ ಮೊದಲು ಪ್ರತಿ ತೆಗೆದಿಡಿ. ಥಂಡರ್‌ಬರ್ಡ್‌ನಲ್ಲಿ ‘ಲೋಕಲ್ ಫೋಲ್ಡರ್ಸ್’ ಅಡಿಯಲ್ಲಿ ಒಂದು ಹೊಸ ಫೋಲ್ಡರ್ ಮಾಡಿ. ಕಾಟದ ಫೋಲ್ಡರ್ ತೆರೆದು, ಕಂಟ್ರೋಲ್ ಮತ್ತು ‘ಎ’ ಕೀ ಒತ್ತಿ ಎಲ್ಲ ಮೇಲ್ ಆರಿಸಿ, ಬಲ ಕ್ಲಿಕ್ ಮಾಡಿ, ‘ಕಾಪಿ ಟು’ ಮೂಲಕ ಅಲ್ಲಿಗೆ ಕಳಿಸಿ. ‘ಮೂವ್ ಟು’ ಅಲ್ಲ, ‘ಕಾಪಿ ಟು’. ಮುಗಿದ ಮೇಲೆ ಎರಡೂ ಫೋಲ್ಡರ್‌ಗಳ ಪ್ರಾಪರ್ಟೀಸ್ ತೆರೆದು ಮೇಲ್‌ಗಳ ಸಂಖ್ಯೆ ಹೋಲಿಸಿ. ಸಂಖ್ಯೆ ತಾಳೆಯಾದರೆ ಸಾಲದು, ದೊಡ್ಡ ಅಟ್ಯಾಚ್‌ಮೆಂಟ್ ಇರುವ ಎರಡು ಮೂರು ಮೇಲ್ ತೆರೆದು ಪಿಡಿಎಫ್ ನಿಜವಾಗಿ ತೆರೆಯುತ್ತದೆಯೇ ನೋಡಿ. ಮೇಲ್‌ನ ತಲೆಬರಹ ಮಾತ್ರ ಇಳಿದು ಒಡಲು ಸರ್ವರಿನಲ್ಲೇ ಉಳಿದಿರುವುದುಂಟು.

ನಿಮ್ಮ ವಿಷಯದಲ್ಲಿ ಪ್ರತಿ ತೆಗೆಯಲು ಕಾನೂನಿನ ಕಾರಣವೂ ಇದೆ. ಕೇಂದ್ರ ಜಿಎಸ್‌ಟಿ (ಸಿಜಿಎಸ್‌ಟಿ) ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪುಸ್ತಕ ಮತ್ತು ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2021-22ರ ವಾರ್ಷಿಕ ರಿಟರ್ನ್‌ಗೆ ಕೊನೆಯ ದಿನ 2022ರ ಡಿಸೆಂಬರ್ 31 ಆಗಿತ್ತು. ಅಂದರೆ ಆ ವರ್ಷದ ದಾಖಲೆ 2028ರ ಡಿಸೆಂಬರ್ 31ರವರೆಗೆ ಬೇಕು. ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಬಿಲ್‌ಗಳು ಮೇಲ್‌ನಲ್ಲಿ ಮಾತ್ರ ಇದ್ದರೆ ಆ ಫೋಲ್ಡರನ್ನು ಕಸ ಎಂದು ನೋಡಬೇಡಿ, ಹೆಸರು ಕೆಟ್ಟಿದೆ ಎಂದು ಮಾತ್ರ ನೋಡಿ.

ಆ ಹೆಸರು ಕೆಟ್ಟಿದ್ದು ಚುಕ್ಕಿಯಿಂದ. ಐಮ್ಯಾಪ್ ಸರ್ವರುಗಳು ಫೋಲ್ಡರಿನೊಳಗಿನ ಫೋಲ್ಡರನ್ನು ತೋರಿಸಲು ಹೆಸರುಗಳ ನಡುವೆ ಒಂದು ಚಿಹ್ನೆ ಬಳಸುತ್ತವೆ. ಕೆಲವು ಕಡೆ ಅದು ಓರೆಗೀಟು, ಸಿಪ್ಯಾನೆಲ್ ಬಳಸುವ ಡವ್‌ಕಾಟ್ ಎಂಬ ಮೇಲ್ ಸರ್ವರಿನಲ್ಲಿ ಸಾಮಾನ್ಯವಾಗಿ ಚುಕ್ಕಿ. ನೀವು ‘ಜಿ.ಎಸ್.ಟಿ 2021-22’ ಎಂದು ಬರೆದದ್ದನ್ನು ಸರ್ವರ್ ಮೂರು ಹಂತ ಎಂದು ಓದಿಕೊಂಡಿತು. ಥಂಡರ್‌ಬರ್ಡ್‌ನಲ್ಲೇ ಮಾಡಿದ್ದರೆ ಈ ಅಕ್ಷರ ಸರ್ವರಿಗೆ ಮೀಸಲು, ಬೇರೆ ಹೆಸರು ಕೊಡಿ ಎಂದು ಅದು ತಡೆಯುತ್ತಿತ್ತು. ಕೆಲವು ಮೊಬೈಲ್ ಆ್ಯಪ್‌ಗಳು ತಡೆಯುವುದಿಲ್ಲ. ಸರ್ವರಿನ ಡಿಸ್ಕ್‌ನಲ್ಲಿ ನಿಜವಾಗಿ ಇರುವುದು ಕೊನೆಯ ‘ಟಿ 2021-22’ ಒಂದೇ. ‘ಜಿ’ ಮತ್ತು ‘ಎಸ್’ ಹೆಸರಿಗಷ್ಟೇ ಇರುವ ಮೆಟ್ಟಿಲುಗಳು, ಅವುಗಳಲ್ಲಿ ಮೇಲ್ ಇಡಲು ಬರುವುದಿಲ್ಲ. ಐಮ್ಯಾಪ್ ಭಾಷೆಯಲ್ಲಿ ಇವಕ್ಕೆ ‘ನೋಸೆಲೆಕ್ಟ್’ ಗುರುತು ಇರುತ್ತದೆ, ಓರೆ ಅಕ್ಷರ ಬಂದದ್ದು ಅದಕ್ಕೇ. ಒಳಗೆ ಬೇರೆ ಫೋಲ್ಡರ್ ಇರುವ ನೋಸೆಲೆಕ್ಟ್ ಫೋಲ್ಡರನ್ನು ಅಳಿಸಲು ಹೋಗುವುದು ತಪ್ಪು ಎಂದು 2003ರ ಐಮ್ಯಾಪ್ ಮಾನದಂಡವೇ, ಅಂದರೆ ಆರ್‌ಎಫ್‌ಸಿ 3501, ಹೇಳಿದೆ. ಸರ್ವರ್ ಹಟ ಮಾಡುತ್ತಿಲ್ಲ, ನಿಯಮ ಪಾಲಿಸುತ್ತಿದೆ.

ಹಾಗಾಗಿ ಇಲ್ಲಿ ಕೆಲಸ ಒಳಗಿನಿಂದ ಹೊರಕ್ಕೆ ಸಾಗಬೇಕು. ಚುಕ್ಕಿ ಇಲ್ಲದೆ ‘ಜಿಎಸ್‌ಟಿ 2021-22’ ಎಂಬ ಹೊಸ ಫೋಲ್ಡರ್ ಮಾಡಿ. ‘ಟಿ 2021-22’ ಒಳಗಿನ ಮೇಲ್‌ಗಳನ್ನು ಅದಕ್ಕೆ ಕಾಪಿ ಮಾಡಿ, ಸಂಖ್ಯೆ ತಾಳೆ ನೋಡಿ. ಆಮೇಲೆ ‘ಟಿ 2021-22’ ಅಳಿಸಿ. ಅದು ಹೋದರೆ ಮೇಲಿನೆರಡಕ್ಕೆ ಆಧಾರವೇ ಇರುವುದಿಲ್ಲ. ಥಂಡರ್‌ಬರ್ಡ್ ಮುಚ್ಚಿ ತೆರೆದಾಗ ತಾವಾಗಿ ಮಾಯವಾಗುತ್ತವೆ, ಆಗದಿದ್ದರೆ ಆಗಲೇ ಹೇಳಿದ ಸಬ್‌ಸ್ಕ್ರೈಬ್ ಗುರುತು ತೆಗೆಯಿರಿ. ಇದನ್ನು ವೆಬ್‌ಮೇಲ್‌ನಲ್ಲಿ ಮಾಡುವುದಾದರೆ ಒಂದು ಎಚ್ಚರ ಇರಲಿ: ರೌಂಡ್‌ಕ್ಯೂಬ್‌ನ ಫೋಲ್ಡರ್ಸ್ ಪರದೆಯಲ್ಲಿ ಮೇಲಿನ ಫೋಲ್ಡರ್ ಅಳಿಸಿದರೆ ಒಳಗಿರುವುದೂ ಜೊತೆಗೇ ಅಳಿಯುತ್ತದೆ, ಟ್ರ್ಯಾಶ್‌ಗೂ ಹೋಗುವುದಿಲ್ಲ. ‘ಜಿ’ ಖಾಲಿ ಇದೆಯಲ್ಲ ಎಂದು ಒತ್ತಿದವರು ಇಡೀ ವರ್ಷದ ಬಿಲ್ ಕಳೆದುಕೊಳ್ಳುವುದು ಹೀಗೆಯೇ.

‘ಬ್ಯಾಂಕ್’ ವಿಷಯದಲ್ಲಿ ಎರಡು ಸಂಗತಿ ಬೆರೆತಿವೆ. ಬಿಡಿಸಿ ನೋಡೋಣ.

ಮೊದಲನೆಯದು ಆ ದೋಷದ ಮಾತು. ಐಮ್ಯಾಪ್ ಖಾತೆಯಲ್ಲಿ ಥಂಡರ್‌ಬರ್ಡ್ ಫೋಲ್ಡರನ್ನು ನೇರವಾಗಿ ಅಳಿಸುವುದಿಲ್ಲ, ಟ್ರ್ಯಾಶ್ ಒಳಕ್ಕೆ ಸರಿಸುತ್ತದೆ. ಕಳೆದ ವರ್ಷ ಅಳಿಸಿದ ‘ಬ್ಯಾಂಕ್’ ಟ್ರ್ಯಾಶ್ ಒಳಗೆ ಫೋಲ್ಡರಾಗಿಯೇ ಕೂತಿದೆ. ಈಗ ಅದೇ ಹೆಸರಿನ ಇನ್ನೊಂದು ಅಲ್ಲಿಗೆ ಹೋಗಲಾರದು. ಟ್ರ್ಯಾಶ್ ಪಕ್ಕದ ಬಾಣದ ಗುರುತು ಒತ್ತಿ ಬಿಚ್ಚಿ ನೋಡಿ, ಹಳೆಯದು ಸಿಗುತ್ತದೆ. ಅದರೊಳಗೆ ಬೇಕಾದ್ದು ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅಲ್ಲಿಂದ ಅಳಿಸಿ. ಟ್ರ್ಯಾಶ್ ಒಳಗಿನಿಂದ ಅಳಿಸಿದ್ದು ಖಾಯಂ ಆಗಿ ಹೋಗುತ್ತದೆ. ನಂತರ ಹೊಸದನ್ನು ಅಳಿಸಿದರೆ ತಕರಾರಿಲ್ಲದೆ ಹೋಗುತ್ತದೆ.

ಎರಡನೆಯದು, ಒಂದೇ ಹೆಸರು ಎರಡು ಸಲ ಕಾಣುವುದು. ಒಂದು ಖಾತೆಯ ಒಂದೇ ಮಟ್ಟದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರಲು ಸರ್ವರ್ ಬಿಡುವುದಿಲ್ಲ. ಹಾಗಾದರೆ ಕಣ್ಣಿಗೆ ಒಂದೇ ಆಗಿ ಕಂಡರೂ ಅವು ಬೇರೆ ಹೆಸರುಗಳೇ. ಕನ್ನಡದಲ್ಲಿ ಹೆಸರಿಡುವವರಿಗೆ ಇದು ಮೇಲಿಂದ ಮೇಲೆ ಎದುರಾಗುತ್ತದೆ. ‘ಬ್ಯಾಂಕ್’ ಕೊನೆಯಲ್ಲಿ ಅರ್ಧಾಕ್ಷರ ಇದೆ. ಕೆಲವು ಕೀಬೋರ್ಡ್‌ಗಳು ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುತ್ತವೆ, ಮುಂದಿನ ಅಕ್ಷರ ಒತ್ತಾಗದಿರಲಿ ಎಂದು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಅದಕ್ಕೆ ಜೀರೋ ವಿಡ್ತ್ ನಾನ್ ಜಾಯ್ನರ್ ಎಂದು ಹೆಸರು. ಪದದ ನಡುವೆ ಬಂದರೆ ಅಕ್ಷರದ ರೂಪ ಬದಲಾಗುತ್ತದೆ, ಗೊತ್ತಾಗುತ್ತದೆ. ಪದದ ಕೊನೆಯಲ್ಲಿ ಬಂದರೆ ಏನೂ ಗೊತ್ತಾಗುವುದಿಲ್ಲ. ಒಂದು ಕೀಬೋರ್ಡ್‌ನಲ್ಲಿ ಅದು ಸೇರಿ, ಇನ್ನೊಂದರಲ್ಲಿ ಸೇರದಿದ್ದರೆ ಸರ್ವರಿಗೆ ಎರಡು ಬೇರೆ ಫೋಲ್ಡರ್. ಕೊನೆಯಲ್ಲಿ ಒಂದು ಖಾಲಿ ಸ್ಪೇಸ್ ಉಳಿದಿದ್ದರೂ ಹೀಗೇ ಆಗುತ್ತದೆ. ‘ಕಚೇರಿ’ಯ ‘ಚೇ’ಯಂಥ ದೀರ್ಘ ಸ್ವರಚಿಹ್ನೆಗಳನ್ನೂ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಅಥವಾ ಎರಡು ಸಂಕೇತಗಳ ಜೋಡಿಯಾಗಿ ಬರೆಯಲು ಬರುತ್ತದೆ, ಅದರಿಂದಲೂ ಅವಳಿ ಹುಟ್ಟಬಹುದು. ಒಂದನ್ನು ಅಳಿಸಿ ಇನ್ನೊಂದು ಉಳಿದಾಗ ಅಳಿಸಿದ್ದೇ ಹೋಗಲಿಲ್ಲ ಎನ್ನಿಸುವುದು ಸಹಜ.

ಇದಕ್ಕೆ ಮದ್ದು ಸರಳ. ವೆಬ್‌ಮೇಲ್‌ನ ಫೋಲ್ಡರ್ಸ್ ಪರದೆಯಲ್ಲಿ ಎರಡರಲ್ಲಿ ಒಂದನ್ನು ಆರಿಸಿ, ಹೆಸರನ್ನು ಪೂರ್ತಿ ಅಳಿಸಿ ‘1’ ಎಂದು ಬರೆದು ಉಳಿಸಿ. ಇನ್ನೊಂದಕ್ಕೆ ‘2’. ಹಳೆಯ ಹೆಸರಿನ ಕೊನೆಗೆ ಅಂಕಿ ಸೇರಿಸಬೇಡಿ, ಕಾಣದ ಸಂಕೇತ ಒಳಗೇ ಉಳಿಯುತ್ತದೆ. ಈಗ ಎರಡನ್ನೂ ತೆರೆದು ಯಾವುದರಲ್ಲಿ ಏನಿದೆ ನೋಡಿ, ಬೇಕಾದ್ದನ್ನು ಒಂದಕ್ಕೆ ಸೇರಿಸಿ, ಇನ್ನೊಂದನ್ನು ಅಳಿಸಿ. ಹೆಸರು ಬದಲಿಸಿ ಅಳಿಸುವ ಈ ದಾರಿ ಅಂಗಡಿ ಕಚೇರಿಗಳ ಮೇಲ್‌ಗಳಲ್ಲಿ ಬಹಳ ಕೆಲಸ ಮಾಡುತ್ತದೆ, ಏಕೆಂದರೆ ಟ್ರ್ಯಾಶ್‌ನಲ್ಲಿ ಹೆಸರು ಡಿಕ್ಕಿ ಹೊಡೆಯುವ ತೊಂದರೆಯೂ ಇದರಿಂದ ತಪ್ಪುತ್ತದೆ.

ಕನ್ನಡ ಹೆಸರುಗಳಿಗೆ ಇನ್ನೊಂದು ಮಿತಿ ಇದೆ. ಐಮ್ಯಾಪ್ ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ. ಬೇರೆ ಲಿಪಿಯ ಹೆಸರುಗಳನ್ನು ಅದು ಯುಟಿಎಫ್-7 ಎಂಬ, ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವ ಸಂಕೇತಪದ್ಧತಿಯ ಮಾರ್ಪಡಿಸಿದ ರೂಪಕ್ಕೆ ತಿರುಗಿಸಿ ಇಡುತ್ತದೆ. ‘ಸ್ಟೇಟ್‌ಮೆಂಟ್’ ಎಂಬ ಪದ ನಮಗೆ ನಾಲ್ಕಕ್ಷರ. ಒತ್ತು, ಸ್ವರಚಿಹ್ನೆ, ಸೊನ್ನೆ, ನಡುವಿನ ಕಾಣದ ಸಂಕೇತ ಎಲ್ಲ ಎಣಿಸಿದರೆ 12 ಸಂಕೇತ. ಸರ್ವರಿನಲ್ಲಿ ಅದು 34 ಬೈಟ್ ಆಗುತ್ತದೆ. ಡವ್‌ಕಾಟ್ ಮೇಲ್‌ಗಳನ್ನು ಇಡುವ ಮೇಲ್‌ಡಿರ್ ಎಂಬ ವ್ಯವಸ್ಥೆಯಲ್ಲಿ ಫೋಲ್ಡರ್, ಅದರ ಒಳಗಿನದು, ಅದರ ಒಳಗಿನದು ಎಲ್ಲ ಸೇರಿ ಡಿಸ್ಕ್‌ನ ಮೇಲೆ ಒಂದೇ ಉದ್ದನೆಯ ಡೈರೆಕ್ಟರಿ ಹೆಸರು. ಲಿನಕ್ಸ್‌ನಲ್ಲಿ ಅಂಥ ಹೆಸರಿನ ಮಿತಿ ಸಾಮಾನ್ಯವಾಗಿ 255 ಬೈಟ್. ಉದ್ದುದ್ದ ಕನ್ನಡ ಹೆಸರಿನ ಫೋಲ್ಡರ್‌ಗಳನ್ನು ಒಂದರೊಳಗೊಂದು ಇಟ್ಟವರು ಈ ಮಿತಿಯ ಅಂಚಿಗೆ ಬಂದಿರುತ್ತಾರೆ. ಅಳಿಸುವಾಗ ಹೆಸರಿನ ಹಿಂದೆ ‘ಟ್ರ್ಯಾಶ್’ ಸೇರಿದ ಕೂಡಲೇ ಮಿತಿ ಮೀರಿ ಸರ್ವರ್ ಬೇಡ ಎನ್ನುತ್ತದೆ. ಇಲ್ಲೂ ಮದ್ದು ಅದೇ: ತೀರಾ ಒಳಗಿನದಕ್ಕೆ ‘1’ ಎಂದು ಹೆಸರಿಟ್ಟು ಆಮೇಲೆ ಅಳಿಸುವುದು. ಇದರರ್ಥ ಕನ್ನಡದಲ್ಲಿ ಹೆಸರಿಡಬೇಡಿ ಎಂದಲ್ಲ. ಚಿಕ್ಕ ಹೆಸರು, ಎರಡು ಹಂತಕ್ಕಿಂತ ಆಳ ಬೇಡ, ಚುಕ್ಕಿ ಬೇಡ.

ಇನ್ನು ಅಳಿಸಿದ ಮರುದಿನವೇ ವಾಪಸಾಗುವ ‘ಸೆಂಟ್ ಮೆಸೇಜಸ್’. ಇದನ್ನು ಮಾಡುತ್ತಿರುವುದು ಹೆಚ್ಚುಕಡಿಮೆ ಖಂಡಿತವಾಗಿ ನಿಮ್ಮ ಯಜಮಾನರ ಐಫೋನ್. ಕಳಿಸಿದ ಮೇಲ್‌ನ ಪ್ರತಿಯನ್ನು ಎಲ್ಲಿಡಬೇಕು ಎಂಬುದಕ್ಕೆ ಒಂದೊಂದು ಪ್ರೋಗ್ರಾಂ ಒಂದೊಂದು ಹೆಸರು ಬಳಸುತ್ತ ಬಂದಿದೆ. ಥಂಡರ್‌ಬರ್ಡ್ ಮತ್ತು ಸಿಪ್ಯಾನೆಲ್‌ಗೆ ‘ಸೆಂಟ್’, ಔಟ್‌ಲುಕ್‌ಗೆ ‘ಸೆಂಟ್ ಐಟಮ್ಸ್’, ಆ್ಯಪಲ್‌ಗೆ ‘ಸೆಂಟ್ ಮೆಸೇಜಸ್’. ಅಳಿಸಿದ್ದಕ್ಕೂ ಹಾಗೆಯೇ, ಟ್ರ್ಯಾಶ್, ಡಿಲೀಟೆಡ್ ಐಟಮ್ಸ್, ಡಿಲೀಟೆಡ್ ಮೆಸೇಜಸ್. ಯಾವ ಫೋಲ್ಡರ್ ಯಾವ ಕೆಲಸಕ್ಕೆ ಎಂದು ಸರ್ವರೇ ಗುರುತು ಹಚ್ಚಿ ಹೇಳುವ ಪದ್ಧತಿ 2011ರಲ್ಲಿ ಆರ್‌ಎಫ್‌ಸಿ 6154 ಆಗಿ ಬಂತು. ಎಲ್ಲ ಕಡೆ ಅದು ಸರಿಯಾಗಿ ಹೊಂದಿಕೊಂಡಿಲ್ಲ, ಹಳೆಯ ಸೆಟ್ಟಿಂಗ್ ಉಳಿದ ಖಾತೆಗಳಲ್ಲಂತೂ ಇಲ್ಲವೇ ಇಲ್ಲ. ನೀವು ಅಂಗಡಿಯಲ್ಲಿ ಅಳಿಸುತ್ತೀರಿ, ಅವರು ಸಂಜೆ ಫೋನಿನಿಂದ ಒಂದು ಮೇಲ್ ಕಳಿಸುತ್ತಾರೆ, ಫೋನಿಗೆ ಫೋಲ್ಡರ್ ಸಿಗದೆ ಹೊಸದಾಗಿ ಮಾಡಿಕೊಳ್ಳುತ್ತದೆ.

ಅವರು ಕಳಿಸಿದ ಮೇಲ್‌ಗಳು ಆ ಫೋಲ್ಡರಿನಲ್ಲೇ ಇವೆ ಎಂಬುದನ್ನು ಮರೆಯಬೇಡಿ. ಈಗಾಗಲೇ ಅಳಿಸಿದ್ದು ಟ್ರ್ಯಾಶ್ ಒಳಗೆ ಇದ್ದರೆ, ಟ್ರ್ಯಾಶ್ ಖಾಲಿ ಮಾಡುವ ಮೊದಲು ಅಲ್ಲಿಂದ ಮೇಲ್‌ಗಳನ್ನು ‘ಸೆಂಟ್’ಗೆ ಸರಿಸಿ. ಆಮೇಲೆ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೇಲ್, ಅದರಲ್ಲಿ ಅಕೌಂಟ್ಸ್, ನಿಮ್ಮ ಖಾತೆ, ಅಡ್ವಾನ್ಸ್ಡ್, ಮೇಲ್‌ಬಾಕ್ಸ್ ಬಿಹೇವಿಯರ್ಸ್ ವರೆಗೆ ಹೋಗಿ. ಹೊಸ ಐಒಎಸ್‌ನಲ್ಲಿ ಮೇಲ್ ಎಂಬುದು ಆ್ಯಪ್ಸ್ ಒಳಗೆ ಸೇರಿದೆ. ಸೆಂಟ್ ಮೇಲ್‌ಬಾಕ್ಸ್ ಒತ್ತಿ, ‘ಆನ್ ದ ಸರ್ವರ್’ ಪಟ್ಟಿಯಲ್ಲಿ ‘ಸೆಂಟ್’ ಆರಿಸಿ. ಡ್ರಾಫ್ಟ್ಸ್ ಮತ್ತು ಡಿಲೀಟೆಡ್‌ಗೂ ಹೀಗೇ ಸರ್ವರಿನದ್ದನ್ನೇ ತೋರಿಸಿ. ಥಂಡರ್‌ಬರ್ಡ್‌ನ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ‘ಕಾಪೀಸ್ ಆ್ಯಂಡ್ ಫೋಲ್ಡರ್ಸ್’ ತೆರೆದು ಅಲ್ಲೂ ಅದೇ ‘ಸೆಂಟ್’ ಇದೆಯೇ ನೋಡಿ. ಎರಡೂ ಕಡೆ ಹೊಂದಿದ ಮೇಲೆಯೇ ‘ಸೆಂಟ್ ಮೆಸೇಜಸ್’ ಅಳಿಸಿ.

ಯಾರಾದರೂ ನುಗ್ಗಿದ್ದಾರಾ ಎಂಬ ನಿಮ್ಮ ಪ್ರಶ್ನೆಗೆ: ನೀವು ಹೇಳಿದ ಮೂರೂ ಲಕ್ಷಣಗಳು ಅದನ್ನು ಸೂಚಿಸುವುದಿಲ್ಲ. ವೈರಸ್ ಕೂಡ ಅಲ್ಲ. ನುಗ್ಗಿದವರು ಫೋಲ್ಡರ್ ಜಿ, ಎಸ್ ಎಂದು ಒಡೆಯುವುದಿಲ್ಲ, ನಿಮಗೆ ಬರುವ ಮೇಲ್‌ನ ಪ್ರತಿ ತಮಗೂ ಬರುವಂತೆ ಮಾಡಿಕೊಳ್ಳುತ್ತಾರೆ. ಆದರೂ ಅನುಮಾನ ಬಂದಾಗ ನೋಡಿಬಿಡುವುದು ಒಳ್ಳೆಯದು. ಸಿಪ್ಯಾನೆಲ್‌ನಲ್ಲಿ ಫಾರ್ವರ್ಡರ್ಸ್ ಮತ್ತು ಇಮೇಲ್ ಫಿಲ್ಟರ್ಸ್ ತೆರೆಯಿರಿ. ನೀವು ಹಾಕದ ವಿಳಾಸ ಅಥವಾ ನಿಯಮ ಅಲ್ಲಿದ್ದರೆ ಅದರ ಫೋಟೊ ತೆಗೆದಿಟ್ಟುಕೊಂಡು ನಂತರ ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸಿ. ಫಿಲ್ಟರ್ಸ್ ನೋಡಲು ಇನ್ನೊಂದು ಕಾರಣವೂ ಇದೆ. ನೀವೇ ಹಿಂದೆ ‘ಬ್ಯಾಂಕಿನಿಂದ ಬಂದದ್ದು ಈ ಫೋಲ್ಡರಿಗೆ’ ಎಂಬ ನಿಯಮ ಹಾಕಿದ್ದರೆ, ಫೋಲ್ಡರ್ ಅಳಿಸಿದರೂ ಮುಂದಿನ ಮೇಲ್ ಬಂದ ಕೂಡಲೇ ಸರ್ವರ್ ಅದನ್ನು ಮತ್ತೆ ಮಾಡಬಹುದು. ಮೊದಲು ನಿಯಮ ಹೋಗಬೇಕು, ಆಮೇಲೆ ಫೋಲ್ಡರ್. ಸಿಪ್ಯಾನೆಲ್‌ನಲ್ಲಿ ಪ್ಲಸ್ ವಿಳಾಸಕ್ಕೆ ಫೋಲ್ಡರ್ ತಾನಾಗಿ ಸೃಷ್ಟಿಯಾಗುವ ಸೆಟ್ಟಿಂಗ್ ಕೂಡ ಇದೆ. ನಿಮ್ಮ ವಿಳಾಸದ ಮಧ್ಯೆ ಕೂಡಿಸುವ ಚಿಹ್ನೆ ಮತ್ತು ಒಂದು ಪದ ಸೇರಿಸಿ ಯಾರಾದರೂ ಮೇಲ್ ಕಳಿಸಿದರೆ ಆ ಪದದ ಹೆಸರಿನ ಫೋಲ್ಡರ್ ಹುಟ್ಟುತ್ತದೆ. ಬಳಸುವುದಿಲ್ಲವಾದರೆ ಅದನ್ನು ನಿಲ್ಲಿಸಿಬಿಡಿ.

ಜಾಗ ತುಂಬಿದ್ದರಿಂದ ಅಳಿಯುತ್ತಿಲ್ಲ ಎಂಬ ಮಾತು ಕೇಳಿರಬಹುದು. ಅದು ಅರ್ಧ ನಿಜ. ಮೇಲ್ ಅಳಿಸುವುದೆಂದರೆ ಕೆಲವು ಪ್ರೋಗ್ರಾಂಗಳಲ್ಲಿ ಮೊದಲು ಟ್ರ್ಯಾಶ್‌ಗೆ ಪ್ರತಿ ಮಾಡಿ, ಆಮೇಲೆ ಮೂಲವನ್ನು ತೆಗೆಯುವುದು. ಕೋಟಾ ಪೂರ್ತಿ ತುಂಬಿದ್ದರೆ ಆ ಪ್ರತಿಗೇ ಜಾಗ ಇರುವುದಿಲ್ಲ. ಆಗ ದೊಡ್ಡ ಅಟ್ಯಾಚ್‌ಮೆಂಟ್ ಇರುವ, ಖಂಡಿತ ಬೇಡವಾದ ನಾಲ್ಕಾರು ಮೇಲ್ ಆರಿಸಿ ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಅವು ಟ್ರ್ಯಾಶ್ ದಾಟಿ ನೇರ ಹೋಗುತ್ತವೆ, ಉಸಿರಾಡಲು ಜಾಗ ಸಿಗುತ್ತದೆ.

ಖಾತೆ ತೆಗೆದು ಮತ್ತೆ ಹಾಕುವ ಸಲಹೆಯ ಅಪಾಯ ಇಲ್ಲಿದೆ. ಖಾತೆ ಐಮ್ಯಾಪ್ ಆಗಿದ್ದು ಎಲ್ಲ ಮೇಲ್ ವೆಬ್‌ಮೇಲ್‌ನಲ್ಲಿ ಕಾಣುತ್ತಿದ್ದರೆ ನಷ್ಟವಿಲ್ಲ, ಲಾಭವೂ ಇಲ್ಲ. ಮೂರು ಫೋಲ್ಡರ್‌ಗಳೂ ಸರ್ವರಿನಿಂದ ಹಾಗೇ ಇಳಿದು ಬರುತ್ತವೆ. ಖಾತೆ ಪಾಪ್ (ಮೇಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪದ್ಧತಿ) ಆಗಿದ್ದರೆ ಕಥೆಯೇ ಬೇರೆ. ಆಗ ಮೇಲ್‌ಗಳು ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ಇರಬಹುದು, ಫಾರ್ಮ್ಯಾಟ್ ಮಾಡಿದರೆ ಅಲ್ಲಿಗೇ ಮುಗಿಯಿತು. ಅಕೌಂಟ್ ಸೆಟ್ಟಿಂಗ್ಸ್‌ನ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ಟೈಪ್ ಏನಿದೆ ಎಂದು ಓದಿ. ‘ಲೋಕಲ್ ಫೋಲ್ಡರ್ಸ್’ ಅಡಿಯಲ್ಲಿರುವುದು ಎರಡೂ ಸಂದರ್ಭದಲ್ಲಿ ಕಂಪ್ಯೂಟರಿನಲ್ಲೇ ಇರುತ್ತದೆ. ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್ ಒಳಗೆ ಪ್ರೊಫೈಲ್ ಫೋಲ್ಡರ್ ಎಂದಿದೆ. ಅದನ್ನು ತೆರೆದು, ಥಂಡರ್‌ಬರ್ಡ್ ಮುಚ್ಚಿ, ಆ ಇಡೀ ಪ್ರೊಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಡುವುದು ಯಾವ ಕಾಲಕ್ಕೂ ಒಳ್ಳೆಯದು.

ಜಿಮೇಲ್ ಬಳಸುವ ಓದುಗರಿಗೆ ಒಂದು ಮಾತು. ಅಲ್ಲಿ ಫೋಲ್ಡರ್ ಇಲ್ಲ, ಲೇಬಲ್ ಇವೆ. ಲೇಬಲ್ ಅಳಿಸಿದರೆ ಮೇಲ್ ಹೋಗುವುದಿಲ್ಲ, ಆಲ್ ಮೇಲ್‌ನಲ್ಲಿ ಉಳಿಯುತ್ತದೆ. ಇನ್‌ಬಾಕ್ಸ್, ಸೆಂಟ್, ಸ್ಪ್ಯಾಮ್‌ನಂಥ ಅದರದೇ ಲೇಬಲ್‌ಗಳನ್ನು ಅಳಿಸಲು ಬರುವುದಿಲ್ಲ. ಥಂಡರ್‌ಬರ್ಡ್‌ನಲ್ಲಿ ಆಲ್ ಮೇಲ್ ಕಾಣಬಾರದು ಎಂದಿದ್ದರೆ ಜಿಮೇಲ್ ಸೆಟ್ಟಿಂಗ್ಸ್‌ನ ಲೇಬಲ್ಸ್‌ನಲ್ಲಿ ‘ಶೋ ಇನ್ ಐಮ್ಯಾಪ್’ ಗುರುತು ತೆಗೆಯಿರಿ. ಔಟ್‌ಲುಕ್‌ನಲ್ಲೂ ಇನ್‌ಬಾಕ್ಸ್, ಡ್ರಾಫ್ಟ್ಸ್, ಔಟ್‌ಬಾಕ್ಸ್‌ನಂಥ ಮೂಲ ಫೋಲ್ಡರ್‌ಗಳಿಗೆ ಡಿಲೀಟ್ ಇಲ್ಲ. ಕಂಪನಿಯ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್) ಖಾತೆಯಾದರೆ ದಾಖಲೆ ಉಳಿಸುವ ನಿಯಮವನ್ನು ಅಡ್ಮಿನ್ ಹಾಕಿರಬಹುದು, ಅಲ್ಲಿ ಸ್ವಂತ ಪ್ರಯೋಗಕ್ಕೆ ಇಳಿಯದೆ ಅವರನ್ನೇ ಕೇಳಬೇಕು.

ಇಷ್ಟೆಲ್ಲ ಮಾಡಿಯೂ ವೆಬ್‌ಮೇಲ್‌ನಲ್ಲೇ ಒಂದು ಫೋಲ್ಡರ್ ಅಳಿಯದಿದ್ದರೆ, ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರ್‌ನಲ್ಲಿ ಡೈರೆಕ್ಟರಿಯನ್ನೇ ತೆಗೆಯುವ ದಾರಿ ಇದೆ. ನಿಮಗೆ ಅದನ್ನು ಹೇಳಿಕೊಡಲು ಮನಸ್ಸಿಲ್ಲ. ಅಲ್ಲಿ ಕನ್ನಡ ಹೆಸರುಗಳೆಲ್ಲ & ಚಿಹ್ನೆಯಿಂದ ಶುರುವಾಗುವ, ಓದಲು ಬಾರದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಯಾವುದು ‘ಬ್ಯಾಂಕ್’, ಯಾವುದು ‘ಬಾಡಿಗೆ’ ಎಂದು ತಿಳಿಯದೆ ತಪ್ಪು ಫೋಲ್ಡರ್ ಹೋಗಿಬಿಡುತ್ತದೆ. ಹೋಸ್ಟಿಂಗ್ ಕಂಪನಿಗೆ ಟಿಕೆಟ್, ಅಂದರೆ ಸಹಾಯದ ಕೋರಿಕೆ, ಹಾಕಿ. ಖಾತೆಯ ವಿಳಾಸ, ವೆಬ್‌ಮೇಲ್‌ನಲ್ಲಿ ಕಾಣುವ ಫೋಲ್ಡರ್ ಹೆಸರು ಮೇಲಿನಿಂದ ಒಳಗಿನವರೆಗೆ, ನೀವು ಅಳಿಸಲು ಪ್ರಯತ್ನಿಸಿದ ದಿನ ಮತ್ತು ಸಮಯ, ಪರದೆಯಲ್ಲಿ ಬಂದ ದೋಷದ ವಾಕ್ಯ ಇದ್ದದ್ದು ಇದ್ದ ಹಾಗೆ ಬರೆಯಿರಿ. ಸಮಯ ಇದ್ದರೆ ಅವರು ಸರ್ವರಿನ ಲಾಗ್‌ನಲ್ಲಿ ಆ ಸಾಲನ್ನು ಹುಡುಕಿ ಕಾರಣ ಹೇಳಬಲ್ಲರು. ಅಳಿಸುವ ಮೊದಲು ಆ ಡೈರೆಕ್ಟರಿಯ ಬ್ಯಾಕಪ್ ತೆಗೆದುಕೊಳ್ಳಿ ಎಂದು ಟಿಕೆಟ್‌ನಲ್ಲೇ ಸ್ಪಷ್ಟವಾಗಿ ಕೇಳಿ.